ಬೈಕ್ ತೊಳೆದ ಮೇಲೆ ಬರುವ ತಂಟೆಗಳು: ಕಾರಣ ಹುಡುಕುವುದು ಹೇಗೆ?

ಖಂಡೆ ಪೂಜೆಯ (ಆಯುಧ ಪೂಜೆಯ) ದಿನ ಬೆಳಗ್ಗೆ ಬಾಗಲಕೋಟೆ ನವನಗರದ ನಮ್ಮ ಓಣಿಗೆ ಬಂದು ನೋಡಬೇಕು. ಮನೆಗೊಂದು ಬೈಕ್, ಬೈಕಿಗೊಂದು ಬಕೆಟ್. ಹತ್ತು ಗಂಟೆ ಹೊತ್ತಿಗೆ ಎಲ್ಲಾ ಗಾಡಿಗಳೂ ಥಳಥಳ. ಹನ್ನೊಂದಕ್ಕೆ ಅವುಗಳಲ್ಲಿ ಎರಡು ಮೂರು ಸ್ಟಾರ್ಟೇ ಆಗುವುದಿಲ್ಲ. ಒಂದು ವರ್ಷ ಆ ಎರಡು ಮೂರರಲ್ಲಿ ನನ್ನದೂ ಇತ್ತು. ಚೆಂಡು ಹೂವಿನ ಹಾರ ಹಾಕಿ, ಗಾಲಿ ಕೆಳಗೆ ಲಿಂಬಿಹಣ್ಣು ಇಟ್ಟು ಕಿಕ್ ಹೊಡೆದೆ, ಹೊಡೆದೆ, ಹೊಡೆದೇ ಹೊಡೆದೆ. ಕಟ್ಟೆ ಮೇಲೆ ಚಹಾ ಕುಡಿಯುತ್ತಾ ಕೂತಿದ್ದ ಅಪ್ಪ ಕೇಳಿದರು: "ಅಲ್ಲೋ, ಅದನ್ನ ತೊಳದೀಯೋ, ಈಸ ಕಲಿಸೀಯೋ?"

ಗ್ಯಾರೇಜಿನ ಕಾಕಾ ಬಂದರು. ಇಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ರಬ್ಬರ್ ಟೋಪಿ ಎಳೆದರು. ಒಳಗಿಂದ ಚಮಚೆಯಷ್ಟು ನೀರು ಸುರಿಯಿತು. ಹೆಗಲ ಮೇಲಿನ ಟವೆಲ್ ತುದಿಯಿಂದ ಒರೆಸಿ ಟೋಪಿ ಮತ್ತೆ ಕೂರಿಸಿದರು. ಎರಡನೇ ಕಿಕ್ಕಿಗೆ ಗಾಡಿ ಎದ್ದಿತು. ದುಡ್ಡು ಕೊಡಲು ಹೋದರೆ, "ಹಬ್ಬದ ದಿನ ಇದಕ್ಕೇನ್ ರೊಕ್ಕ ತಗೊಳ್ಳೂದು, ಹೋಳಗಿ ಕಳಸು" ಅಂದರು.

ಆವತ್ತಿನಿಂದ ನಾನು ಗಮನಿಸಿದ್ದು ಇದು. ತೊಳೆದ ಮೇಲೆ ಬರುವ ತಂಟೆಗೆ ಹೆಚ್ಚುಕಮ್ಮಿ ಎರಡೇ ಮೂಲ. ಒಂದೋ ನೀರು ಹೋಗಬಾರದ ಕಡೆ ಹೋಗಿರುತ್ತದೆ, ಇಲ್ಲಾ ಮಣ್ಣು ಹೋಗುವ ಮೊದಲೇ ಬಟ್ಟೆ ಬಂದಿರುತ್ತದೆ. ಮೊದಲನೆಯದು ಗಾಡಿ ನಿಲ್ಲಿಸುತ್ತದೆ. ಎರಡನೆಯದು ಬಣ್ಣ ಕೆಡಿಸುತ್ತದೆ. ಬಹಳಷ್ಟು ತಂಟೆ ಮನೆ ಮುಂದೆಯೇ ಖರ್ಚಿಲ್ಲದೆ ಸರಿಹೋಗುತ್ತದೆ. ಕೆಲವಕ್ಕೆ ಮಾತ್ರ ಕೈ ಹಾಕಬಾರದು. ಯಾವುದು ಯಾವುದು ಅಂತ ಕೆಳಗೆ ಬರೆದಿದ್ದೇನೆ.

ಕೈ ಹಾಕುವ ಮೊದಲು

ಇಂಜಿನ್ ಮತ್ತು ಸೈಲೆನ್ಸರ್ ಆರಿರಬೇಕು. ಅಂಗೈ ಇಟ್ಟರೆ ಆರಾಮಾಗಿ ತಡೆಯುವಷ್ಟು ತಣ್ಣಗಾದ ಮೇಲೆಯೇ ನೀರು, ಬಟ್ಟೆ, ಪಾನಾ. ಕೀ ಆಫ್ ಇರಲಿ. ಸೈಡ್ ಸ್ಟ್ಯಾಂಡ್ ಬೇಡ, ಗಟ್ಟಿ ನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ. ಇಂಜಿನ್ ಓಡುತ್ತಿರುವಾಗ ಗಾಲಿ, ಚೈನ್ ಒರೆಸುವುದಂತೂ ಬೇಡವೇ ಬೇಡ. ಗಾಡಿ ಗೇರಿಗೆ ಹಾಕಿ, ಹಿಂದಿನ ಗಾಲಿ ತಾನೇ ತಿರುಗಲಿ ಅಂತ ಬಿಟ್ಟು, ಬಟ್ಟೆ ಹಿಡಿದುಕೊಂಡು ಕೂರುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಟ್ಟೆ ಚೈನಿಗೆ ಸಿಕ್ಕಿತು ಅಂದರೆ ಬೆರಳು ಚೈನ್ ಕೂರುವ ಹಲ್ಲಿನ ಚಕ್ರಕ್ಕೆ (ಸ್ಪ್ರಾಕೆಟ್ಟಿಗೆ) ಹೋಗುತ್ತದೆ. ಕೈ ಹಿಂದೆ ಎಳೆಯಲು ಪುರುಸೊತ್ತು ಸಿಗುವುದಿಲ್ಲ.

ಸ್ಟಾರ್ಟ್ ಆಗುತ್ತಿಲ್ಲ

ಮೊದಲು ಬಲಗೈ ಕಡೆಯ ಕೆಂಪು ಬಟನ್ ನೋಡಿ. ನಗಬೇಡಿ. ಅದು ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್, ಹ್ಯಾಂಡಲ್ ಒರೆಸುವಾಗ ಆಫ್ ಆಗುವುದು ಬಹಳ ಸಾಮಾನ್ಯ. ಆಮೇಲೆ ಸೈಡ್ ಸ್ಟ್ಯಾಂಡ್. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ ಬಹಳಷ್ಟಕ್ಕೆ ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಇಂಜಿನ್ ಕಟ್ ಆಗುವ ಸ್ವಿಚ್ ಇದೆ. ಸ್ಟ್ಯಾಂಡ್ ಮೇಲೆತ್ತಿದರೂ ಆ ಸ್ವಿಚ್ಚಿನಲ್ಲಿ ಕೆಸರು ಸಿಕ್ಕಿಕೊಂಡಿದ್ದರೆ ಗಾಡಿಗೆ ಇನ್ನೂ ಸ್ಟ್ಯಾಂಡ್ ಇಳಿದಿದೆ ಅಂತಲೇ ಅನಿಸುತ್ತದೆ. ಸ್ಟ್ಯಾಂಡನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಒಂದು ಮಗ್ ನೀರು ಹಾಕಿ ಕೆಸರು ಇಳಿಸಿ. ಮೀಟರ್‌ನಲ್ಲಿ ಸ್ಟ್ಯಾಂಡಿನ ಗುರುತು ಆರಿತಾ ನೋಡಿ.

ಈಗ ಸ್ವಲ್ಪ ಕಿವಿಗೊಡಿ. ಸೆಲ್ಫ್ ಒತ್ತಿದಾಗ ಏನು ಕೇಳುತ್ತದೆ?

ಏನೂ ಕೇಳುವುದಿಲ್ಲ ಅಂದರೆ ಅಥವಾ ಬರೀ ಟಕ್ ಟಕ್ ಅಂದರೆ, ವಿಷಯ ಕರೆಂಟಿನದು. ಕ್ಲಚ್ ಪೂರ್ತಿ ಹಿಡಿದು ನೋಡಿ. ಹಾರ್ನ್ ಹೊಡೆದು ನೋಡಿ. ಹಾರ್ನ್ ಸಣ್ಣಗೆ ಅಳುತ್ತಿದ್ದರೆ ಬ್ಯಾಟರಿ ಇಳಿದಿದೆ. ತೊಳೆಯುವಾಗ ಹಾಡು ಕೇಳಲಿಕ್ಕೆ ಮೊಬೈಲ್ ಚಾರ್ಜಿಗೆ ಹಾಕಿ ಕೀ ಆನ್ ಬಿಟ್ಟಿದ್ದಿರಾ? ಹಾಗಿದ್ದರೆ ಉತ್ತರ ಅಲ್ಲೇ ಇದೆ. ಹಾರ್ನ್, ಲೈಟ್ ಎಲ್ಲಾ ಸತ್ತಿದ್ದರೆ ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ಹತ್ತರ ಜಾಗಕ್ಕೆ ಇಪ್ಪತ್ತರದ್ದೋ ತಾಮ್ರದ ತಂತಿಯೋ ಹಾಕಿದರೆ ಮುಂದಿನ ಸಲ ಸುಡುವುದು ಫ್ಯೂಸ್ ಅಲ್ಲ, ವೈರಿಂಗ್. ಹೊಸ ಫ್ಯೂಸ್ ಕೂಡ ತಕ್ಷಣ ಸುಟ್ಟರೆ ಎಲ್ಲೋ ಶಾರ್ಟ್ ಇದೆ. ಅಲ್ಲಿಗೆ ನಿಲ್ಲಿಸಿ ಗ್ಯಾರೇಜಿಗೆ ತಳ್ಳಿಕೊಂಡು ಹೋಗಿ.

ಇಂಜಿನ್ ಸರಿಯಾಗಿ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ ಅಂದರೆ ನನ್ನ ಹಬ್ಬದ ದಿನದ ಕಥೆಯೇ ನಿಮ್ಮದೂ ಇರಬಹುದು. ಕೀ ತೆಗೆದು ಪ್ಲಗ್ ಟೋಪಿ ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ, ಟೋಪಿಯನ್ನೇ ಹಿಡಿದು ಸ್ವಲ್ಪ ತಿರುವುತ್ತಾ ಎಳೆಯಿರಿ. ಒಳಗೆ ಒಣ ಬಟ್ಟೆ ಹಾಕಿ ಒರೆಸಿ, ಪ್ಲಗ್ಗಿನ ಬಿಳಿ ಪಿಂಗಾಣಿ ಭಾಗವನ್ನೂ ಒರೆಸಿ. ಹತ್ತು ನಿಮಿಷ ಬಿಸಿಲಿಗೆ ಬಿಡಿ. ನಮ್ಮ ಕಡೆ ಬಿಸಿಲಿಗೇನು ಬರವಿಲ್ಲ. ಮತ್ತೆ ಹಾಕುವಾಗ ಟಕ್ ಅಂತ ಕೂತ ಶಬ್ದ ಬರಬೇಕು.

ಪ್ಲಗ್ ಕೂತ ಕುಣಿಯಲ್ಲೇ ನೀರು ನಿಂತಿದೆಯಾ? ಬಹಳ ಇಂಜಿನ್‌ಗಳಲ್ಲಿ ಆ ಕುಣಿಯಿಂದ ಹೊರಗೆ ನೀರು ಹೋಗಲು ಪಕ್ಕದಲ್ಲಿ ಕಡ್ಡಿ ಗಾತ್ರದ ಒಂದು ತೂತು ಇರುತ್ತದೆ. ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಹೋಗಿ ಬಂದ ಗಾಡಿಯಲ್ಲಿ ಅದು ಮಣ್ಣಿನಿಂದ ಮುಚ್ಚಿರುತ್ತದೆ. ತೆಳು ತಂತಿ ಹಾಕಿ ಬಿಡಿಸಿ. ನೀರು ತಾನೇ ಇಳಿಯುತ್ತದೆ. ನೀರು, ಮಣ್ಣು ತುಂಬಿದ ಕುಣಿಯಲ್ಲಿ ಮಾತ್ರ ಪ್ಲಗ್ ಬಿಚ್ಚಬೇಡಿ. ಬಿಚ್ಚಿದರೆ ಅದೆಲ್ಲ ನೇರ ಸಿಲಿಂಡರ್ ಒಳಗೆ. ಸ್ಪಾರ್ಕ್ ಬರುತ್ತಿದೆಯಾ ಅಂತ ಪ್ಲಗ್ ಕೈಯಲ್ಲಿ ಹಿಡಿದು ನೋಡುವ ಹಳೇ ಚಟವೂ ಬೇಡ. ಅಲ್ಲಿ ಬರುವುದು ಸಾವಿರಾರು ವೋಲ್ಟ್. ನೆಲ ಒದ್ದೆ, ಕಾಲು ಒದ್ದೆ ಇರುವಾಗ ಅದು ತಮಾಷೆಯಲ್ಲ.

ಒಂದು ಮಾತು. ಸೆಲ್ಫ್ ಒತ್ತಿದರೆ ಐದು ಸೆಕೆಂಡ್, ಆಮೇಲೆ ಹತ್ತು ಹದಿನೈದು ಸೆಕೆಂಡ್ ಬಿಡುವು. ಒತ್ತಿಕೊಂಡೇ ಇದ್ದರೆ ನೀರಿನ ಸಣ್ಣ ತಂಟೆಗೆ ಬ್ಯಾಟರಿಯ ದೊಡ್ಡ ತಂಟೆ ಸೇರುತ್ತದೆ.

ಸ್ಟಾರ್ಟ್ ಆಗುತ್ತದೆ, ಆದರೆ ಜಗ್ಗುತ್ತದೆ, ನಿಂತುಬಿಡುತ್ತದೆ

ಸೈಲೆನ್ಸರ್‌ನಿಂದ ಬಿಳಿ ಹಬೆ, ನಾಲ್ಕು ಹನಿ ನೀರು ಬರುವುದಕ್ಕೆ ಹೆದರಬೇಡಿ. ಐದು ನಿಮಿಷ ಓಡಿದರೆ ಆರುತ್ತದೆ. ಮುಂದಿನ ಸಲ ತೊಳೆಯುವ ಮೊದಲು ಸೈಲೆನ್ಸರ್ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ. ಸ್ಟಾರ್ಟ್ ಮಾಡುವ ಮೊದಲು ಬಿಚ್ಚಲು ಮರೆಯಬೇಡಿ, ನಾನು ಒಮ್ಮೆ ಮರೆತಿದ್ದೆ.

ಆಕ್ಸಿಲರೇಟರ್ ಕೊಟ್ಟ ಕೂಡಲೇ ಉಸಿರು ಕಟ್ಟಿದ ಹಾಗೆ ಗಾಡಿ ಕುಸಿಯುತ್ತದೆಯಾ? ಏರ್ ಫಿಲ್ಟರ್ ನೋಡಿ. ಸೀಟಿನ ಕೆಳಗೆ ಅಥವಾ ಪಕ್ಕದ ಕವರ್ ಒಳಗೆ ಇರುತ್ತದೆ. ಸರ್ವಿಸಿಂಗ್ ಸೆಂಟರಿನ ಪ್ರೆಶರ್ ನೀರು ಸೀಟಿನ ಸಂದಿಯಿಂದ ಅಲ್ಲಿಗೆ ಸಲೀಸಾಗಿ ಹೋಗುತ್ತದೆ. ಸ್ಪಂಜಿನ ಫಿಲ್ಟರ್ ಆದರೆ ಹಿಂಡಿ ನೆರಳಲ್ಲಿ ಒಣಗಿಸಬಹುದು. ಕಾಗದದ ಫಿಲ್ಟರ್ ನೀರಲ್ಲಿ ನೆನೆದು ಮುದುಡಿದರೆ ಹೊಸದೇ ಹಾಕಬೇಕು. ಫಿಲ್ಟರ್ ತೆಗೆದಿಟ್ಟು "ಸುಮ್ನೆ ಒಂದ್ ರೌಂಡ್" ಹೋಗುವುದು ಬೇಡ. ನಮ್ಮ ರಸ್ತೆಯ ಧೂಳು ಒಂದೇ ರೌಂಡಿನಲ್ಲಿ ಸಿಲಿಂಡರಿಗೆ ಗೆರೆ ಎಳೆಯುವಷ್ಟಿದೆ.

ಮೂರನೆಯದು ಸ್ವಲ್ಪ ಗಂಭೀರ. ಪೆಟ್ರೋಲ್ ಮುಚ್ಚಳದ ಸುತ್ತ ನೀರು ನಿಲ್ಲುತ್ತದೆಯಾ ನೋಡಿ. ಅಲ್ಲಿಯೂ ನೀರು ಹೊರಗೆ ಹೋಗಲು ಒಂದು ಸಣ್ಣ ತೂತು ಇರುತ್ತದೆ. ಅದು ಮುಚ್ಚಿದ್ದರೆ ಮುಚ್ಚಳ ತೆಗೆದಾಗ ನಿಂತ ನೀರು ಟ್ಯಾಂಕಿಗೆ ಇಳಿಯುತ್ತದೆ. ಈಗಿನ ಪೆಟ್ರೋಲ್‌ನಲ್ಲಿ 20% ವರೆಗೆ ಎಥೆನಾಲ್ ಇದೆ. ಸಕ್ಕರೆ ಕಾರ್ಖಾನೆಗಳಲ್ಲಿ ನಮ್ಮ ಕಬ್ಬಿನಿಂದಲೂ ತಯಾರಾಗುವ ಎಥೆನಾಲ್ ಅದು. ಅದಕ್ಕೂ ನೀರಿಗೂ ಬಲು ದೋಸ್ತಿ. ನೀರು ಜಾಸ್ತಿಯಾದರೆ ಎರಡೂ ಕೂಡಿ ಪೆಟ್ರೋಲ್ ಬಿಟ್ಟು ಟ್ಯಾಂಕಿನ ತಳಕ್ಕೆ ಕೂರುತ್ತವೆ. ಇಂಜಿನ್ ಎಳೆದುಕೊಳ್ಳುವುದು ತಳದಿಂದಲೇ. ಗಾಡಿ ಒಂದು ಕಿಲೋಮೀಟರ್ ಹೋಗಿ ಜಗ್ಗಿ ನಿಲ್ಲುತ್ತದೆ, ಸ್ವಲ್ಪ ಬಿಟ್ಟು ಏಳುತ್ತದೆ, ಮತ್ತೆ ನಿಲ್ಲುತ್ತದೆ.

ಹಳೇ ಕಾರ್ಬುರೇಟರ್ ಗಾಡಿಯಾದರೆ ಕಾರ್ಬುರೇಟರ್ ತಳದ ಡ್ರೇನ್ ಸ್ಕ್ರೂ ಸಡಿಲಿಸಿ ಸ್ವಲ್ಪ ಪೆಟ್ರೋಲ್ ಗಾಜಿನ ಬಾಟಲಿಗೆ ಹಿಡಿದು ಸ್ವಲ್ಪ ಹೊತ್ತು ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಬಯಲಲ್ಲಿ, ತಣ್ಣಗಿನ ಇಂಜಿನ್ ಇರುವಾಗ ಮಾಡಿ. ಹತ್ತಿರ ಬೀಡಿ ಸಿಗರೇಟ್, ದೇವರ ದೀಪ, ಊದುಬತ್ತಿ ಇರಕೂಡದು. ಪೂಜೆ ದಿನ ಇವೆಲ್ಲ ಗಾಡಿ ಪಕ್ಕದಲ್ಲೇ ಇರುತ್ತವೆ, ಅದಕ್ಕೇ ಹೇಳಿದೆ. ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಗಾಡಿಯ ಪೆಟ್ರೋಲ್ ಪೈಪ್ ಮಾತ್ರ ಬಿಚ್ಚಬೇಡಿ. ಅದರಲ್ಲಿ ಪೆಟ್ರೋಲ್ ಒತ್ತಡದಲ್ಲಿರುತ್ತದೆ, ಮುಖಕ್ಕೆ ಚಿಮ್ಮುತ್ತದೆ. ನೀರು ಸೇರಿದ್ದು ಖಾತ್ರಿಯಾದರೆ ಸ್ಟಾರ್ಟ್ ಮಾಡುವ ಆಟ ನಿಲ್ಲಿಸಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸುವುದು ಗ್ಯಾರೇಜಿನ ಕೆಲಸ.

ಬ್ರೇಕ್ ಹಿಡಿಯುತ್ತಿಲ್ಲ, ಇಲ್ಲಾ ಕಿರುಚುತ್ತದೆ

ಡಿಸ್ಕ್ ಒದ್ದೆ ಇದ್ದಾಗ ಮೊದಲ ಒಂದೆರಡು ಸಲ ಬ್ರೇಕ್ ಜಾರಿದ ಹಾಗೆ ಆಗುತ್ತದೆ. ಡ್ರಮ್ಮಿನೊಳಗೆ ನೀರು ಹೋಗಿದ್ದರೆ ಇನ್ನೂ ಸ್ವಲ್ಪ ಹೊತ್ತು. ಓಣಿಯಲ್ಲೇ ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಮೆಲ್ಲಗೆ ಒತ್ತಿ ಬಿಡಿ, ಒತ್ತಿ ಬಿಡಿ. ಆ ಬಿಸಿಗೆ ನೀರು ಆರುತ್ತದೆ. ಮರುದಿನ ಬೆಳಗ್ಗೆ ಡಿಸ್ಕ್ ಮೇಲೆ ತೆಳ್ಳಗೆ ಕಂದು ತುಕ್ಕು ಕಂಡು ಕಿರ್ ಅಂತ ಕೂಗಿದರೂ ನಾಲ್ಕು ಬ್ರೇಕಿಗೆ ಹೋಗುತ್ತದೆ.

ಹೋಗಲಿಲ್ಲ ಅಂದರೆ ಒಂದು ಪ್ರಶ್ನೆ: ಗಾಲಿ ಮಿಂಚಲಿ ಅಂತ ಡಿಸ್ಕಿಗೂ ಪಾಲಿಶ್ ಹೊಡೆದಿರಾ? ಚೈನಿಗೆ ಹೊಡೆದ ಸ್ಪ್ರೇ ಹಾರಿ ಬಂದು ಕೂತಿದೆಯಾ? ಇದು ಈ ಬರಹದಲ್ಲೇ ಅತಿ ಅಪಾಯದ ತಪ್ಪು. ಗಾಡಿ ಓಡಿಸಬೇಡಿ. ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಹೊಸ ಬಟ್ಟೆಯಿಂದ ಡಿಸ್ಕಿನ ಎರಡೂ ಮುಖ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಬಟ್ಟೆ ಬದಲಿಸುತ್ತಾ ಇರಿ. ಎಣ್ಣೆ ಕುಡಿದ ಬ್ರೇಕ್ ಪ್ಯಾಡ್ ಮಾತ್ರ ಒರೆಸಿದರೆ ಸರಿಯಾಗುವುದಿಲ್ಲ, ಬದಲಿಸಲೇಬೇಕು. ಲಿವರ್ ಸ್ಪಂಜಿನ ಹಾಗೆ ಹ್ಯಾಂಡಲ್‌ವರೆಗೆ ಬರುತ್ತಿದ್ದರೆ, ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಹತ್ತಿರ ಎಣ್ಣೆ ಜಿನುಗುತ್ತಿದ್ದರೆ ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಆ ಬ್ರೇಕ್ ಆಯಿಲ್ ಟ್ಯಾಂಕಿನ ಮೇಲೆ ಬಿದ್ದರೆ ಬಣ್ಣವನ್ನೇ ಎಬ್ಬಿಸುತ್ತದೆ. ಬಿದ್ದ ಕೂಡಲೇ ಒರೆಸಲು ಹೋಗದೆ ಧಾರಾಳ ನೀರು ಸುರಿಯಿರಿ.

ಹಾರ್ನ್ ಗೊಗ್ಗರು, ಇಂಡಿಕೇಟರ್ ಮೌನ, ಲೈಟಿನೊಳಗೆ ಮಂಜು

ಹೆಚ್ಚಾಗಿ ಒಣಗಿದರೆ ಸಾಕು. ಹ್ಯಾಂಡಲ್ಲನ್ನು ಎರಡೂ ಕಡೆ ತಿರುಗಿಸಿ ಬಿಸಿಲಿಗೆ ನಿಲ್ಲಿಸಿ, ಸ್ವಿಚ್ಚುಗಳನ್ನು ಇಪ್ಪತ್ತು ಮೂವತ್ತು ಸಲ ಆಡಿಸಿ. ಹೆಡ್‌ಲೈಟ್ ಒಳಗಿನ ತೆಳು ಮಂಜು ಅರ್ಧ ಗಂಟೆ ಲೈಟ್ ಹಾಕಿ ಓಡಿಸಿದರೆ ಹೋಗುತ್ತದೆ. ತಳದಲ್ಲಿ ನೀರು ತುಳುಕುತ್ತಿದ್ದರೆ ಮಾತ್ರ ಗಾಜಿನ ಸುತ್ತಲಿನ ರಬ್ಬರ್ ಹೋಗಿದೆ ಅಂತ ಅರ್ಥ.

ಚೈನ್ ಕೂಗುತ್ತದೆ, ಹ್ಯಾಂಡಲ್ ನಡುಗುತ್ತದೆ

ತೊಳೆದ ಮೇಲೆ ಚೈನ್ ಕರಕರ ಅಂದರೆ ಎಣ್ಣೆ ನೀರಿನ ಜೊತೆ ಹೋಗಿದೆ, ಅಷ್ಟೇ. ಒಣಗಿಸಿ, ಕೆಳಗಿನ ಚೈನಿನ ಒಳಮಗ್ಗುಲಿಗೆ 90 ನಂಬರ್ ಗೇರ್ ಆಯಿಲ್ ಹನಿ ಹನಿ ಬಿಡಿ. ಗಾಲಿಯನ್ನು ಕೈಯಿಂದ ಹಿಂದಕ್ಕೆ ತಿರುಗಿಸುತ್ತಾ ಬಿಡಿ. ರಾತ್ರಿ ಬಿಟ್ಟು, ಬೆಳಗ್ಗೆ ಜಾಸ್ತಿಯಾದದ್ದನ್ನು ಒರೆಸಿ. ಟೈರಿಗೆ ತಾಗಿದ್ದರೆ ಸೋಪು ಹಾಕಿ ತೊಳೆಯಿರಿ. ಎಣ್ಣೆ ಬಿಟ್ಟ ಮೇಲೂ ಒಂದೇ ಜಾಗದಲ್ಲಿ ಟಕ್ ಅನ್ನುತ್ತಿದ್ದರೆ ಆ ಕೊಂಡಿ ಹಿಡಿದುಕೊಂಡಿದೆ. ಅದನ್ನು ಮೆಕ್ಯಾನಿಕ್ಕಿಗೆ ತೋರಿಸಿ.

ಹ್ಯಾಂಡಲ್ ನಡುಗುವ ಕಥೆ ಬೇರೆ, ಅದು ನಮ್ಮ ಎರಿ ಮಣ್ಣಿನದು. ಮಳೆಗಾಲದಲ್ಲಿ ಹೊಲಕ್ಕೆ ಹೋಗಿ ಬಂದರೆ ಮಡ್‌ಗಾರ್ಡ್ ಒಳಗೆ ಮಣ್ಣು ಹಿಡಿದು ಗಾಲಿಯೇ ತಿರುಗದ ಹಾಗೆ ಆಗುತ್ತದಲ್ವಾ? ತೊಳೆದಾಗ ಹೊರಗಿನದು ಹೋಗುತ್ತದೆ. ಅಲಾಯ್ ಗಾಲಿಯ ಒಳಬದಿಯಲ್ಲಿ ಒಂದೇ ಕಡೆ ಅಂಗೈ ಅಗಲದ ಹೆಂಟೆ ಉಳಿದು, ಒಣಗಿ ಇಟ್ಟಂಗಿಯಾಗುತ್ತದೆ. ಗಾಲಿಯ ತೂಕ ತಪ್ಪಿ 50-60ರ ವೇಗದಲ್ಲಿ ಹ್ಯಾಂಡಲ್ ಗಡಗಡ. ಟೈರ್ ಹೋಯಿತು, ಬೇರಿಂಗ್ ಹೋಯಿತು ಅಂತ ಖರ್ಚಿಗೆ ಇಳಿಯುವ ಮೊದಲು ಟಾರ್ಚ್ ಹಾಕಿ ಗಾಲಿಯ ಒಳಗೆ ನೋಡಿ. ಸ್ಕ್ರೂಡ್ರೈವರ್ ಹಾಕಿ ಕೆತ್ತಬೇಡಿ. ಗೋಣಿಚೀಲ ಒದ್ದೆ ಮಾಡಿ ಅರ್ಧ ಗಂಟೆ ಹೊದಿಸಿಟ್ಟರೆ ಎರಿ ಮಣ್ಣು ತಾನೇ ಉಬ್ಬಿ, ಬೆರಳಿಗೆ ಬೆಣ್ಣೆಯ ಹಾಗೆ ಬರುತ್ತದೆ.

ಒಣಗಿದ ಮೇಲೆ ಬಿಳಿ ಚುಕ್ಕೆ

ಮನೆಯಲ್ಲಿ ನೀರು ಕಾಯಿಸುವ ಕಾಯಿಲ್ ತಂದು ನೋಡಿ. ಅದರ ಮೇಲೆ ಬಿಳಿ ಹೊಪ್ಪಳಿಕೆ ಕಟ್ಟಿದೆಯಾ? ನಿಮ್ಮ ಟ್ಯಾಂಕಿನ ಮೇಲೆ ಕೂತಿರುವುದೂ ಅದೇ. ಸಿಮೆಂಟಿಗೆ ಬೇಕಾದ ಸುಣ್ಣಕಲ್ಲು ನಮ್ಮ ಬಾಗಲಕೋಟೆ, ಲೋಕಾಪುರದ ನೆಲದಲ್ಲೇ ಇದೆ. ಆ ನೆಲದ ಬೋರಿನ ನೀರು ಗಡಸು. ಏಪ್ರಿಲ್ ಬಿಸಿಲಿಗೆ ನೀರು ಹಾರಿಹೋಗುತ್ತದೆ, ಸುಣ್ಣ ಉಳಿಯುತ್ತದೆ. ಕಪ್ಪು ಗಾಡಿಯಲ್ಲಿ ಎದ್ದು ಕಾಣುತ್ತದೆ. ಬಿಳಿ ಗಾಡಿಯಲ್ಲೂ ಇರುತ್ತದೆ, ಮಾಲೀಕನಿಗೆ ಗೊತ್ತಾಗುವುದಿಲ್ಲ ಅಷ್ಟೇ.

ಬೆರಳ ತುದಿಯಿಂದ ಚುಕ್ಕೆ ಸವರಿ. ಉಬ್ಬಿದ ಹಾಗೆ, ಸಣ್ಣ ರವೆ ಕೂತ ಹಾಗೆ ತಗುಲಿದರೆ ಸುಣ್ಣ ಇನ್ನೂ ಮೇಲೆಯೇ ಇದೆ. ಒಳ್ಳೆಯದು. ಮೊದಲು ಶಾಂಪೂ ನೀರಿನಿಂದ ತೊಳೆಯಿರಿ. ಹೋಗದಿದ್ದರೆ ಬಿಳಿ ವಿನೆಗರ್, ಗೋಬಿ ಮಂಚೂರಿ ಗಾಡಿಯವರ ಹತ್ತಿರ ಇರುತ್ತದಲ್ಲ, ಅದೇ. ಅಷ್ಟೇ ಪ್ರಮಾಣದ ನೀರು ಬೆರೆಸಿ, ಬಟ್ಟೆ ಅದ್ದಿ, ಚುಕ್ಕೆಯ ಮೇಲೆ ಒಂದು ನಿಮಿಷ ಇಡಿ. ತಿಕ್ಕಬೇಡಿ. ಆಮೇಲೆ ಧಾರಾಳ ನೀರು ಹಾಕಿ ತಕ್ಷಣ ಒರೆಸಿ. ಎಲ್ಲಾ ನೆರಳಿನಲ್ಲಿ, ತಣ್ಣಗಿನ ಟ್ಯಾಂಕಿನ ಮೇಲೆ. ಬಣ್ಣ ಹಚ್ಚದ ಅಲ್ಯೂಮಿನಿಯಂ ಮೇಲೆ ವಿನೆಗರ್ ನಿಲ್ಲಿಸಬೇಡಿ, ಮಂಕಾಗುತ್ತದೆ. ಲಿಂಬಿ ರಸಕ್ಕೆ ಅಡುಗೆ ಸೋಡಾ ಬೆರೆಸುವ ಉಪಾಯ ಬಹಳ ಓಡಾಡುತ್ತಿದೆ. ನೊರೆ ಚೆನ್ನಾಗಿ ಬರುತ್ತದೆ, ಆದರೆ ಹುಳಿಯೂ ಸೋಡಾವೂ ಒಂದನ್ನೊಂದು ತಿಂದು ಮುಗಿಸುತ್ತವೆ. ಚುಕ್ಕೆ ಅಲ್ಲೇ ಕೂತು ನೋಡುತ್ತಿರುತ್ತದೆ.

ಸವರಿದರೆ ನುಣುಪಾಗಿದೆ, ಅಥವಾ ಸಣ್ಣ ತಗ್ಗು ತಗಲುತ್ತದೆ, ಆದರೂ ಚುಕ್ಕೆ ಕಾಣುತ್ತದೆ ಅಂದರೆ ಅದು ಬಣ್ಣದ ಮೇಲಿನ ಪಾರದರ್ಶಕ ಕೋಟಿಂಗನ್ನು ತಿಂದಿದೆ. ಅದಕ್ಕೆ ವಿನೆಗರ್ ಸಾಲದು, ಪಾಲಿಶ್ ಬೇಕು. ಮುಂದಿನ ಭಾಗ ನೋಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಯಾವ ಕಾರಣಕ್ಕೂ ಬೇಡ. ಕ್ರೋಮ್, ಅಲಾಯ್ ಎರಡನ್ನೂ ತಿನ್ನುತ್ತದೆ. ಬ್ಲೀಚಿಂಗ್ ಜೊತೆ ಸೇರಿದರೆ ಏಳುವ ಹೊಗೆ ಉಸಿರಿಗೇ ಅಪಾಯ.

ಮತ್ತೆ ಬರದ ಹಾಗೆ ಮಾಡುವುದು ಸುಲಭ. ತೊಳೆಯಲು ಬೋರಿನ ನೀರೇ ಸಾಕು. ಕೊನೆಯ ಒಂದು ಮಗ್ ಮಾತ್ರ ಕಾಯಿನ್ ಹಾಕಿ ತರುವ ಶುದ್ಧ ನೀರಿನದ್ದಿರಲಿ. ಮಳೆ ನೀರು ಅಥವಾ ಎಸಿಯಿಂದ ಹನಿಯುವ ನೀರೂ ಆದೀತು. ಮನೆಯ ಆರ್‌ಒ ಯಂತ್ರದ ವೇಸ್ಟ್ ನೀರು ಬೈಕಿಗೆ ಆಗುತ್ತದೆ ಅಂತ ಹಿಡಿದಿಡುವವರಿದ್ದಾರೆ. ಉಳಿತಾಯದ ಬುದ್ಧಿ ಒಳ್ಳೆಯದೇ. ಆದರೆ ಕುಡಿಯುವ ನೀರಿನಿಂದ ತೆಗೆದ ಸುಣ್ಣವೆಲ್ಲ ಸೇರಿರುವುದು ಆ ನೀರಿನಲ್ಲೇ.

ಬಿಸಿಲಿಗೆ ಹಿಡಿದರೆ ಜೇಡರ ಬಲೆಯಂಥ ಗೆರೆ

ನೆರಳಲ್ಲಿ ಚೆಂದ ಕಾಣುವ ಟ್ಯಾಂಕ್ ಬಿಸಿಲಿಗೆ ಬಂದರೆ ಸುತ್ತು ಸುತ್ತಾಗಿ ಸಾವಿರ ಗೆರೆ. ರಾತ್ರಿ ಮೊಬೈಲ್ ಟಾರ್ಚ್ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತವೆ. ಇದು ಒರೆಸುವ ಕೈ ಮಾಡಿದ ಕೆಲಸ. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಸೀಟಿನ ಕೆಳಗಿನ ಒಣ ಬಟ್ಟೆ ತೆಗೆದು ಧೂಳಿನ ಟ್ಯಾಂಕನ್ನು ಎರಡು ಸುತ್ತು ತಿರುವುತ್ತೇವಲ್ಲ, ಅಲ್ಲೇ ಆಗುವುದು. ಆ ಧೂಳಿನಲ್ಲಿ ಕಲ್ಲಿನ ಪುಡಿ ಇರುತ್ತದೆ, ಬಟ್ಟೆ ಮರಳು ಕಾಗದವಾಗುತ್ತದೆ.

ನನ್ನ ಗಾಡಿಯ ಗೆರೆಗಳ ಮೂಲ ಹುಡುಕಲು ನನಗೆ ಎರಡು ವರ್ಷ ಬೇಕಾಯಿತು. ಗೆರೆಗಳೆಲ್ಲ ಟ್ಯಾಂಕಿನ ಮುಂಭಾಗದಲ್ಲಿ, ಅಡ್ಡಡ್ಡ, ಮೂರು ಬೆರಳಿನ ಅಗಲದಲ್ಲಿ ಇದ್ದವು. ಒಂದು ದೀಪಾವಳಿ ಪಾಡ್ಯದ ದಿನ ಅವ್ವ ಟ್ಯಾಂಕಿಗೆ ವಿಭೂತಿ ಎಳೆಯುವುದನ್ನು ನೋಡಿದೆ. ಮೂರು ಬೆರಳು, ಅದೇ ಜಾಗ. ತಪ್ಪು ವಿಭೂತಿಯದಲ್ಲ. ಮರುದಿನ ನಾನು ಒಣಗಿದ ವಿಭೂತಿ, ಕುಂಕುಮವನ್ನು ಹಾಗೇ ಒಣ ಬಟ್ಟೆಯಿಂದ ತಿಕ್ಕಿ ತೆಗೆಯುತ್ತಿದ್ದೆ. ಒಣ ಬೂದಿ ಅಂದರೆ ಪಾತ್ರೆ ತಿಕ್ಕುವ ಪುಡಿ, ನಮ್ಮ ಅಜ್ಜಿಗೆ ಗೊತ್ತಿದ್ದ ವಿಷಯ. ಈಗ ಮೊದಲು ನೀರು ಹಾಕಿ ನೆನೆಸಿ, ಜಾರಿಸಿ, ಆಮೇಲೆ ಒರೆಸುತ್ತೇನೆ. ಅವ್ವನಿಗೂ ಹೇಳಿದೆ, "ನಂಬರ್ ಪ್ಲೇಟಿಗೆ ಹಚ್ಚು." ಅವಳು ಒಪ್ಪಲಿಲ್ಲ. "ಹಣಿಗೆ ಹಚ್ಚೂದನ್ನ ಕಾಲಿಗೆ ಹಚ್ಚತಾರೇನೋ?" ಅರಿಷಿಣದ ಕಲೆ ಉಳಿದಿದ್ದರೆ ತೊಳೆದು ಎರಡು ದಿನ ಬಿಸಿಲಿಗೆ ಬಿಡಿ. ಅರಿಷಿಣದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ.

ಗೆರೆ ಎಷ್ಟು ಆಳ? ಉಗುರು ಅಡ್ಡ ಎಳೆಯಿರಿ. ಉಗುರು ಸಿಕ್ಕದಿದ್ದರೆ ರಬ್ಬಿಂಗ್ ಪಾಲಿಶ್‌ನಿಂದ ಹೋಗಬಹುದು. ತೊಳೆದು ಒಣಗಿಸಿದ ಟ್ಯಾಂಕಿನ ಮೇಲೆ, ಕಾಣದ ಒಂದು ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಕಡಲೆ ಕಾಳಿನಷ್ಟು ಪಾಲಿಶ್, ಮೆತ್ತಗಿನ ಮೈಕ್ರೋಫೈಬರ್ ಬಟ್ಟೆ, ಹಗುರ ಕೈ. ಮೇಲಿನ ಪಾರದರ್ಶಕ ಕೋಟಿಂಗ್ ಕೂದಲಿಗಿಂತ ತೆಳು. ಪ್ರತಿ ಸಲ ಪಾಲಿಶ್ ಮಾಡಿದಾಗ ಅದೇ ಸ್ವಲ್ಪ ಸ್ವಲ್ಪ ಸವೆಯುವುದು. ಅದಕ್ಕೇ ಪ್ರತಿ ವಾರ ಪಾಲಿಶ್ ಹೊಡೆಯುವ ದೋಸ್ತರಿಗೆ ನಾನು ಕೈ ಮುಗಿಯುತ್ತೇನೆ. ಬಟ್ಟೆಗೆ ಗಾಡಿಯ ಬಣ್ಣ ಬರತೊಡಗಿದರೆ ಅಲ್ಲೇ ನಿಲ್ಲಿಸಿ. ಉಗುರು ಸಿಕ್ಕುವಷ್ಟು ಆಳದ ಗೆರೆ ಇದ್ದರೆ ಪಾಲಿಶ್ ಡಬ್ಬಿ ಮುಚ್ಚಿ ಪೇಂಟರ್ ಹತ್ತಿರ ಹೋಗಿ.

ಪಾಲಿಶ್ ಹಾಕಿದ ಮೇಲೆಯೇ ಕೆಟ್ಟಿತು

ಟ್ಯಾಂಕ್ ಮಬ್ಬಾಗಿ ಜಿಗುಟಾಗಿದೆಯಾ? ಬಿಸಿಲಲ್ಲಿ ಹಚ್ಚಿದ್ದೀರಿ, ಇಲ್ಲಾ ಜಾಸ್ತಿ ಹಚ್ಚಿದ್ದೀರಿ. ನೆರಳಿಗೆ ತಂದು ಒದ್ದೆ ಮೈಕ್ರೋಫೈಬರ್‌ನಿಂದ, ಆಮೇಲೆ ಒಣಗಿದ್ದರಿಂದ ಒರೆಸಿ.

ಮ್ಯಾಟ್ (ಮಿಂಚಿಲ್ಲದ) ಬಣ್ಣದ ಗಾಡಿಯಲ್ಲಿ ಒಂದು ಕಡೆ ಮಾತ್ರ ಮಿಂಚುತ್ತಿದೆ ಅಂದರೆ ಅಲ್ಲಿ ಪಾಲಿಶ್ ತಿಕ್ಕಿದ್ದೀರಿ. ಶಾಂಪೂ ಹಾಕಿ ತೊಳೆದು ನೋಡಿ. ಬರೀ ಮೇಣ ಕೂತಿದ್ದರೆ ಹೋಗುತ್ತದೆ. ತಿಕ್ಕಿ ನುಣುಪಾಗಿದ್ದರೆ ಹೊಸ ಬಣ್ಣ ಹೊಡೆಸುವುದು ಬಿಟ್ಟು ಬೇರೆ ದಾರಿಯಿಲ್ಲ.

ಕಪ್ಪು ಪ್ಲಾಸ್ಟಿಕ್ ಬೂದು ಬಣ್ಣಕ್ಕೆ ತಿರುಗಿದ್ದರೆ ಹಳೇ ಟೂತ್‌ಬ್ರಷ್ಷು ಮತ್ತು ಶಾಂಪೂ ನೀರು. ಸಂದಿಯಲ್ಲಿ ಕೂತ ಪಾಲಿಶ್ ಆದರೆ ಬರುತ್ತದೆ. ಬಿಸಿಲಿಗೆ ಸುಟ್ಟ ಪ್ಲಾಸ್ಟಿಕ್ ಆದರೆ ಒದ್ದೆ ಇದ್ದಾಗ ಕಪ್ಪು, ಒಣಗಿದಾಗ ಮತ್ತೆ ಬೂದು. ಕೊಬ್ಬರಿ ಎಣ್ಣೆ ಹಚ್ಚಿದರೆ ಎರಡು ದಿನ ಹಬ್ಬ, ಮೂರನೇ ದಿನ ಧೂಳಿನ ಜಾತ್ರೆ. ಸರ್ವಿಸಿಂಗ್‌ನಲ್ಲಿ ಕೊನೆಗೆ ಹೊಡೆಯುವ ಡೀಸೆಲ್ ಸ್ಪ್ರೇಯೂ ಅಷ್ಟೇ, ಮೇಲಾಗಿ ಅದು ರಬ್ಬರನ್ನು ತಿನ್ನುತ್ತದೆ. "ಡೀಸೆಲ್ ಬ್ಯಾಡ್ರಿ" ಅಂತ ಮೊದಲೇ ಹೇಳಿ. ಸೀಟು, ಹ್ಯಾಂಡಲ್ ಗ್ರಿಪ್, ಫುಟ್‌ರೆಸ್ಟ್, ಟೈರು, ಈ ನಾಲ್ಕಕ್ಕೆ ಮಿಂಚು ಬೇಡವೇ ಬೇಡ. ಜಾರುತ್ತದೆ.

ಕ್ರೋಮ್ ಮೇಲೆ ಕಂದು ಚುಕ್ಕೆ

ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಲ್ಲಿ ಅದ್ದಿ ಮೆಲ್ಲಗೆ ತಿಕ್ಕಿ. ಕ್ರೋಮಿಗಿಂತ ಅದು ಮೆತ್ತಗೆ, ಗೆರೆ ಬೀಳುವುದಿಲ್ಲ. ಪಾತ್ರೆ ತಿಕ್ಕುವ ಸ್ಟೀಲ್ ಜಾಲರಿ ಬೇಡ. ಕ್ರೋಮ್ ಪದರವೇ ಎದ್ದು ಬರುತ್ತಿದ್ದರೆ ತಿಕ್ಕಿದಷ್ಟೂ ನಷ್ಟ. ಸೈಲೆನ್ಸರ್ ಪೈಪ್ ನೀಲಿ ಹಳದಿಯಾಗುವುದು ಬಿಸಿಯಿಂದ, ಕೊಳೆಯಿಂದಲ್ಲ.

ತೊಳೆದು ತಿಂಗಳಾದ ಮೇಲೆ ಹ್ಯಾಂಡಲ್ ಬಿಗಿ, ಗಾಲಿಯಲ್ಲಿ ಗುಂಯ್

ಪ್ರೆಶರ್ ನೀರಿನ ಪೆಟ್ಟು ತಡವಾಗಿ ಗೊತ್ತಾಗುತ್ತದೆ. ನಳಿಕೆಯನ್ನು ಗೇಣು ದೂರದಲ್ಲಿ ಹಿಡಿದು ಗಾಲಿಯ ನಡುವಿಗೆ, ಹ್ಯಾಂಡಲ್ಲಿನ ಕುತ್ತಿಗೆಗೆ ಹೊಡೆದರೆ ನೀರು ಸೀಲ್ ದಾಟಿ ಬೇರಿಂಗಿನ ಗ್ರೀಸ್ ತೊಳೆಯುತ್ತದೆ. ಆಮೇಲೆ ಒಳಗೊಳಗೇ ತುಕ್ಕು. ಡಬಲ್ ಸ್ಟ್ಯಾಂಡ್ ಹಾಕಿ, ಒಬ್ಬರಿಗೆ ಹಿಂದೆ ಒತ್ತಿ ಹಿಡಿಯಲು ಹೇಳಿ ಮುಂದಿನ ಗಾಲಿ ಎತ್ತಿ, ಹ್ಯಾಂಡಲ್ಲನ್ನು ಒಂದು ಬೆರಳಿನಿಂದ ತಿರುಗಿಸಿ. ನಡುವೆ ಎಲ್ಲೋ ಹಲ್ಲಿಗೆ ಸಿಕ್ಕಂತೆ ನಿಂತರೆ ಹ್ಯಾಂಡಲ್ ಬೇರಿಂಗ್. ಗಾಲಿ ತಿರುಗಿಸಿದಾಗ ಗುಂಯ್ ಅಂದರೆ, ಪಕ್ಕಕ್ಕೆ ಹಿಡಿದು ಅಲ್ಲಾಡಿಸಿದಾಗ ಲೊಡಕ್ ಅಂದರೆ ಗಾಲಿ ಬೇರಿಂಗ್. ಎರಡೂ ಮನೆಯ ಕೆಲಸವಲ್ಲ, ಮುಂದೂಡುವ ಕೆಲಸವೂ ಅಲ್ಲ. ಬೀಳಗಿ ರೋಡಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓವರ್‌ಟೇಕ್ ಮಾಡುವಾಗ ಹ್ಯಾಂಡಲ್ ಕೈ ಮಾತು ಕೇಳಲೇಬೇಕು.

ಗ್ಯಾರೇಜಿಗೆ ಹೋದಾಗ ತೊಳೆದದ್ದನ್ನು ಮುಚ್ಚಿಡಬೇಡಿ. ಯಾವಾಗ ತೊಳೆದಿರಿ, ಎಲ್ಲಿ ಪ್ರೆಶರ್ ಹೊಡೆಸಿದಿರಿ, ಯಾವ ಡಬ್ಬಿಯ ಪಾಲಿಶ್ ಎಲ್ಲಿಗೆ ಹಚ್ಚಿದಿರಿ, ಎಲ್ಲಾ ಹೇಳಿ. ನಾನು ಮೊದಮೊದಲು "ಏನೂ ಮಾಡಿಲ್ರಿ ಕಾಕಾ, ತಾನೇ ನಿಂತತು" ಅನ್ನುತ್ತಿದ್ದೆ. ಕಾಕಾ ಗಾಡಿಯ ಸುತ್ತ ಒಂದು ಸುತ್ತು ಬಂದು, ಸೀಟಿನ ಕೆಳಗೆ ಬೆರಳು ಹಾಕಿ, ಒದ್ದೆ ಬೆರಳನ್ನು ನನ್ನ ಮುಂದೆ ಹಿಡಿಯುತ್ತಿದ್ದರು.